ಅಪ್ಪನ ಲಾರಿಗೆ ಬೇರೆ ಲಾರಿಯ ಗೇರ್ ಬಾಕ್ಸ್

ನಮ್ಮೂರ ಕೆರೆ ಏರಿಗೆ ಹತ್ತುವ ರಸ್ತೆ ಉದ್ದವೇನಲ್ಲ, ನೂರಡಿ ಇರಬಹುದು. ಆದರೆ ಕಡಿದು. ಎಡಕ್ಕೆ ನೀರು, ಬಲಕ್ಕೆ ಗದ್ದೆ. ಆ ಏರಿನ ಅರ್ಧದಲ್ಲಿ, ಕೊಬ್ಬರಿ ಮೂಟೆ ತುಂಬಿದ್ದ ಅಪ್ಪನ ಲಾರಿಯ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿಕೊಳ್ಳತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರುತ್ತಿತ್ತು, ಲಾರಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಒಂದು ಕ್ಷಣ ನಿಂತು, ಮೆಲ್ಲಗೆ ಹಿಂದಕ್ಕೆ ಜಾರಿತು.

ಅಪ್ಪ ಬ್ರೇಕ್ ಮೇಲೆ ಎರಡೂ ಕಾಲಿಟ್ಟು ನಿಂತೇಬಿಟ್ಟರು. "ಗಟ್ಟೆ ಹಾಕ್ಲಾ, ಗಟ್ಟೆ!" ಅಂತ ಕೂಗಿದರು. ಕ್ಲೀನರ್ ಹುಡುಗ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಒಟ್ಟು ಜಾರಿದ್ದು ನಾಲ್ಕೈದು ಅಡಿ ಇರಬಹುದು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಕಿಟಕಿಯಲ್ಲಿ ಕಾಣುತ್ತಿದ್ದುದು ಕೆರೆ ನೀರು ಮಾತ್ರ.

ಅಪ್ಪ ಬೈಯಲಿಲ್ಲ. ಕೆಳಗಿಳಿದು, ಒಂದು ಬೀಡಿ ಹಚ್ಚಿಕೊಂಡು, "ಇಳೀ ಕಣವ್ವ" ಅಂದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು. ಯಾಕಂದ್ರೆ ಆ ಲಾರಿಗೆ ಆ ಗೇರ್ ಬಾಕ್ಸ್ ಕೂರಿಸಿದ್ದು ನಾನೇ.

ಮೊದಲಿಂದ ಹೇಳ್ತೀನಿ.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪನಿಗೆ ಒಂದು ಚಿಕ್ಕ ಲಾರಿ, ತೊಂಬತ್ತರ ದಶಕದ ಕೊನೆಯದು. ಹಳ್ಳಿಗಳ ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿಯನ್ನ ತಿಪಟೂರಿನ ಎಪಿಎಂಸಿಗೆ ಮುಟ್ಟಿಸುವುದು, ವಾಪಸ್ ಬರುವಾಗ ಸಿಮೆಂಟೋ ಗೊಬ್ಬರವೋ ತರುವುದು. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಅದರಿಂದಲೇ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಪ್ರತಿ ವರ್ಷವೂ ಅಪ್ಪ ಅದಕ್ಕೆ ಬಣ್ಣ ಬಳಿದು, ಲೈಟು ಸರಿ ಮಾಡಿಸಿ, ಮದುವೆ ಹೆಣ್ಣಿನ ಹಾಗೆ ಕರೆದುಕೊಂಡು ಹೋಗಿ ಪಾಸು ಮಾಡಿಸಿಕೊಂಡು ಬರುತ್ತಿದ್ದರು.

ಹೋದ ವರ್ಷ ಅದರ ಗೇರ್ ಬಾಕ್ಸ್ ಒಡೆಯಿತು. ಎರಡನೇ ಗೇರಿನ ಹಲ್ಲು ಮುರಿದು, ಆ ಚೂರು ಒಳಗೇ ಸಿಕ್ಕಿ, ಎರಕದ ಮೈಯೇ ಬಿರುಕು ಬಿಟ್ಟಿತ್ತು. ಅದೇ ನಮೂನೆಯ ನಾಲ್ಕು ಗೇರಿನ ಬಾಕ್ಸ್ ಹುಡುಕಿದರೆ ಸಿಕ್ಕಿದ್ದೆಲ್ಲ ನಮ್ಮದಕ್ಕಿಂತ ಸವೆದವು.

"ಮಾರಿಬಿಡಿ ಅಪ್ಪ, ಹೊಸದು ತಗೊಳ್ಳೋಣ, ಇಎಂಐ ನಾನು ಕಟ್ತೀನಿ" ಅಂದೆ.

"ನಿನ್ನ ಸಾಲದ ಗಾಡೀಲಿ ಕೂತ್ಕಂಡು ನಾನು ಬಾಡಿಗೆ ಹೊಡೀಬೇಕಾ?" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಊರಿನ ಮೇಸ್ತ್ರಿ ಬಂದು ನೋಡಿದರು. ಬೆಂಜ್ ಲಾರಿಗಳ ಕಾಲದಿಂದ ಸ್ಪ್ಯಾನರ್ ಹಿಡಿದವರು. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರಲ್ಲ, ಮುಂದೆ ನಕ್ಷತ್ರ ಇರುವ ಆ ಲಾರಿಗಳಡಿ ಮಲಗಿಯೇ ಅವರು ಕೆಲಸ ಕಲಿತದ್ದಂತೆ. "ಬೇರೆ ಬಾಕ್ಸ್ ಹಾಕ್ಬಹುದು. ಎಂಟ್ಹತ್ತು ದಿನ ಹಿಡೀತದೆ, ಲೇತ್ ಕೆಲ್ಸ ಐತೆ" ಅಂದರು.

ಕೊಬ್ಬರಿ ಸೀಸನ್‌ನಲ್ಲಿ ಹತ್ತು ದಿನ ಲಾರಿ ನಿಲ್ಲಿಸೋದಾ? ನಾನು ಬೆಂಗಳೂರಿನಲ್ಲಿ ಇರುವವಳು, ಎಲ್ಲ ಬೇಗ ಆಗಬೇಕು. ಜೆ.ಸಿ. ರಸ್ತೆಯಲ್ಲಿ ಕೇಳಿ, ಶಿವಾಜಿನಗರದ ಗುಜರಿಯಲ್ಲಿ ಅಲೆದು, ಒಂದು ಗೇರ್ ಬಾಕ್ಸ್ ಹಿಡಿದೆ. ಅದೇ ಕಂಪನಿಯದು, ಅಷ್ಟೇ ಭಾರ ಹೊರುವ ಲಾರಿಯದು, ಹೊಸ ಮಾಡೆಲ್, ಐದು ಗೇರ್. ಜೊತೆಗೆ ಅದರ ಕ್ಲಚ್ ಪ್ಲೇಟೂ ಕೊಟ್ಟರು. ಇಪ್ಪತ್ತೆರಡು ಸಾವಿರ. "ಕಂಪನಿ ಒಂದೇ ಮೇಡಂ, ಕೂತ್ಕೊಳುತ್ತೆ" ಅಂದರು. ಒಂದು ಗ್ಯಾರೇಜಿನವರು ಒಂದೇ ರಾತ್ರಿಯಲ್ಲಿ ಕೂರಿಸಿಯೂ ಕೊಟ್ಟರು. ನಾನು ಅಪ್ಪನಿಗೆ ಫೋನ್ ಮಾಡಿ, "ನೋಡಿದ್ರಾ, ನಿಮ್ಮ ಮೇಸ್ತ್ರಿ ಹತ್ತು ದಿನ ಅಂದಿದ್ರು" ಅಂತ ಜಂಬ ಬೇರೆ ಕೊಚ್ಚಿಕೊಂಡೆ.

ಐದನೇ ದಿನ ಕೆರೆ ಏರಿ.

ಟ್ರ್ಯಾಕ್ಟರ್‌ನಲ್ಲಿ ಎಳೆಸಿಕೊಂಡು ಮೇಸ್ತ್ರಿಯ ಶೆಡ್ಡಿಗೆ ತಂದೆವು. ಅವರು ನನ್ನ ಮುಖ ನೋಡಿ, "ರಜಾ ಐತೇನವ್ವ?" ಅಂತ ಕೇಳಿದರು. ಐತೆ ಅಂದೆ. "ಹಂಗಾರೆ ಟಾರ್ಚ್ ಹಿಡ್ಕೊ. ನಿನ್ನ ಗೇರ್ ಬಾಕ್ಸು, ನೀನೇ ನೋಡು."

ಮುಂದಿನ ಒಂಬತ್ತು ದಿನ ನಾನು ಟಾರ್ಚ್ ಹಿಡಿದೆ.

ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ಎರಡು ಭಾಗವಾಗಿತ್ತು. ನಡುವಿನ ಹಬ್ ಒಂದು ಕಡೆ, ಸುತ್ತಲಿನ ತಟ್ಟೆ ಇನ್ನೊಂದು ಕಡೆ, ರಿವೆಟ್‌ಗಳೆಲ್ಲ ಕತ್ತರಿಸಿಹೋಗಿದ್ದವು. ಕ್ಲಚ್ ಮಾಡುವ ಕೆಲಸ ಸರಳ: ಎಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲ್‌ಗೂ ಅದರ ಮೇಲಿನ ಪ್ರೆಷರ್ ಪ್ಲೇಟ್‌ಗೂ ಮಧ್ಯೆ ಈ ತಟ್ಟೆ ಅಮುಕಿಕೊಂಡಿರುತ್ತೆ. ತಟ್ಟೆಯ ನಡುವಿನ ಹಬ್‌ನಲ್ಲಿ ಹಲ್ಲುಗಳಿವೆ, ಅದರೊಳಗೆ ಗೇರ್ ಬಾಕ್ಸಿನ ಶಾಫ್ಟ್ ತೂರಿರುತ್ತೆ. ಎಂಜಿನ್ ತಟ್ಟೆಯನ್ನ ತಿರುಗಿಸುತ್ತೆ, ತಟ್ಟೆ ಶಾಫ್ಟನ್ನ ತಿರುಗಿಸುತ್ತೆ. ಹಬ್ ಕಿತ್ತುಹೋದರೆ ತಟ್ಟೆ ಸುಮ್ಮನೆ ಸುತ್ತುತ್ತೆ, ಚಕ್ರಕ್ಕೆ ಏನೂ ತಲುಪೋದಿಲ್ಲ. ಏರಿ ಮೇಲೆ ಆಗಿದ್ದು ಅದೇ.

"ಇದು ಯಾಕೆ ಕಿತ್ತೋಯ್ತು?" ಅಂತ ಕೇಳಿದೆ.

ಮೇಸ್ತ್ರಿ ಫ್ಲೈವೀಲಿನ ನಡುವಿನ ತೂತಿಗೆ ಬೆರಳಿಟ್ಟು ತೋರಿಸಿದರು. ಖಾಲಿ. ಅಲ್ಲಿ ಪೈಲಟ್ ಬೇರಿಂಗ್ ಅಂತ ಒಂದು ಪುಟ್ಟ ಬೇರಿಂಗ್ ಇರಬೇಕು. ಗೇರ್ ಬಾಕ್ಸಿನ ಶಾಫ್ಟಿನ ತುದಿ ಅದರಲ್ಲಿ ಕೂತು ನೆಟ್ಟಗೆ ನಿಲ್ಲುತ್ತೆ. ನಮ್ಮ ಹಳೇ ಶಾಫ್ಟಿನ ತುದಿ 15 ಮಿಲಿಮೀಟರ್, ಹೊಸದರದ್ದು 17. ತೂರಲಿಲ್ಲ. ತೂರದಿದ್ದಾಗ ಆ ಗ್ಯಾರೇಜಿನವರು ಬೇರಿಂಗನ್ನೇ ಕಿತ್ತು ಹಾಕಿದ್ದರು! ಅದೂ ಸಾಲದೆ ಹೊಸ ಶಾಫ್ಟ್ ಹಳೆಯದಕ್ಕಿಂತ 10 ಮಿ.ಮೀ. ಉದ್ದ. ಕೊನೆಯ ಸ್ವಲ್ಪ ಒಳಗೆ ಹೋಗದಿದ್ದಾಗ, ಉದ್ದ ಬೋಲ್ಟ್ ಹಾಕಿ ಬಿಗಿದು ಎಳೆದಿದ್ದರು. ಬೋಲ್ಟಿನ ನಾಲ್ಕು ತೂತಲ್ಲಿ ಎರಡು ಹೊಂದಿದ್ದವು, ಇನ್ನೆರಡನ್ನ ಮೊಟ್ಟೆ ಆಕಾರಕ್ಕೆ ಕೊರೆದು ದೊಡ್ಡದು ಮಾಡಿದ್ದರು.

"ಗೇರ್ ಬಾಕ್ಸ್ ಕೈಯಲ್ಲಿ ತಳ್ಳಿದ್ರೆ ಹೋಗಿ ಕೂರ್ಬೇಕು ಕಣವ್ವ. ಬೋಲ್ಟ್ ಇರೋದು ಹಿಡ್ಕೊಳ್ಳೋಕೆ, ಎಳ್ಕೊಳ್ಳೋಕಲ್ಲ" ಅಂದರು ಮೇಸ್ತ್ರಿ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇರುವವಳು. ಎರಡು ಸಿಸ್ಟಮ್ ಸೇರುವ ಕಡೆಯೇ ತಪ್ಪು ಅಡಗಿರುತ್ತೆ ಅಂತ ದಿನಾ ಮೀಟಿಂಗ್‌ನಲ್ಲಿ ಹೇಳ್ತೀನಿ. ಗುಜರಿಯಲ್ಲಿ ಮಾತ್ರ "ಕಂಪನಿ ಒಂದೇ" ಅನ್ನೋ ಮಾತಿಗೆ ತಲೆಯಾಡಿಸಿ ಬಂದಿದ್ದೆ. ಒಂದು ಟೇಪ್ ಹಿಡಿದು ಅಳತೆ ಕೂಡ ಮಾಡಿರಲಿಲ್ಲ.

ಮೇಸ್ತ್ರಿ ಕೆಲಸ ಶುರು ಮಾಡಿದ್ದು ಸ್ಪ್ಯಾನರ್‌ನಿಂದಲ್ಲ, ಒಂದು ಹಳೇ ಕ್ಯಾಲೆಂಡರ್ ಹಾಳೆಯಿಂದ. ಅದರ ಹಿಂಬದಿಗೆ ಎರಡು ಕಾಲಂ ಗೀಚಿದರು. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಗೇರ್ ಬಾಕ್ಸ್. ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ: ಇದು ಯಾರನ್ನ ಮುಟ್ಟುತ್ತೆ? ಯಾರನ್ನ ಮುಟ್ಟುತ್ತೋ ಅವರ ಅಳತೆಗೆ ಇರಬೇಕು. ಯಾವ ಲಾರಿಯಿಂದ ಬಂತು ಅನ್ನೋದು ಲೆಕ್ಕಕ್ಕಿಲ್ಲ.

ಪೈಲಟ್ ಬೇರಿಂಗ್ ಹೊರಗೆ ಎಂಜಿನ್ನನ್ನ ಮುಟ್ಟುತ್ತೆ, ಒಳಗೆ ಶಾಫ್ಟನ್ನ. ಹಳೆಯದು 6202 ನಂಬರಿನದು: ಒಳಗೆ 15, ಹೊರಗೆ 35 ಮಿ.ಮೀ. ಮೇಸ್ತ್ರಿ ಬೇರಿಂಗ್ ಅಂಗಡಿಗೆ ಹೋಗಿ 6003 ತಂದರು. ಅದು ಒಳಗೆ 17, ಹೊರಗೆ ಅದೇ 35. ದಪ್ಪದಲ್ಲಿ ಮಾತ್ರ ಒಂದು ಮಿಲಿಮೀಟರ್ ಕಡಿಮೆ. ಎಂಜಿನ್ ತೂತಿನಲ್ಲೂ ಸರಿಯಾಗಿ ಕೂತಿತು, ಶಾಫ್ಟಿನ ತುದಿಗೂ ಹಿಡಿಯಿತು. ಒಂದು ಪ್ಲೇಟ್ ಇಡ್ಲಿ-ವಡೆ, ಕಾಫಿಯ ಖರ್ಚಿನ ಆಸುಪಾಸಿನ ಆ ಸಾಮಾನು ಇಲ್ಲದೆ ನಾವು ಕೆರೆಗೆ ಬೀಳುತ್ತಿದ್ದೆವು.

ಕ್ಲಚ್ ಪ್ಲೇಟಿನದೂ ಅದೇ ಕಥೆ. ಹೊರಗಿನ ಸುತ್ತಳತೆ ಎಂಜಿನ್ ಕಡೆಯ ಫ್ಲೈವೀಲ್, ಪ್ರೆಷರ್ ಪ್ಲೇಟಿಗೆ ಹೊಂದಬೇಕು, ನಡುವಿನ ಹಲ್ಲು ಗೇರ್ ಬಾಕ್ಸಿನ ಶಾಫ್ಟಿಗೆ. ನಮ್ಮ ಹಳೇ ತಟ್ಟೆಯ ಅಗಲ 280 ಮಿ.ಮೀ., ಹಲ್ಲು ಹತ್ತು. ಗುಜರಿಯವರು ಕೊಟ್ಟಿದ್ದು 260, ಹಲ್ಲು ಹದಿನಾಲ್ಕು. ಹಲ್ಲು ಹೊಂದಿತು ಅಂತ ಹಾಕಿಬಿಟ್ಟಿದ್ದರು. ಎರಡೇ ಸೆಂಟಿಮೀಟರ್ ವ್ಯತ್ಯಾಸ ತಾನೇ ಅನ್ನಿಸಬಹುದು. ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ಹಿಡಿಯುವ ಜಾಗ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ! ಭಾರದ ಲಾರಿಗೆ ಅದು ಸಣ್ಣ ಮಾತಲ್ಲ. ಮೂರು ದಿನ ಹುಡುಕಿ 280 ಅಗಲದ, ಹದಿನಾಲ್ಕು ಹಲ್ಲಿನ ಹೊಸ ಪ್ಲೇಟ್ ತರಿಸಿದೆವು. ಅದನ್ನೂ ಮೇಸ್ತ್ರಿ ಸುಮ್ಮನೆ ಹಾಕಲಿಲ್ಲ. ಹಬ್ಬಿನ ಉಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗುತ್ತಾ ಅಂತ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಉಬ್ಬು ಇರುವ ಬದಿ ಗೇರ್ ಬಾಕ್ಸ್ ಕಡೆಗೇ ಇರಬೇಕಂತೆ.

ಆಮೇಲೆ ಉದ್ದದ ಸಮಸ್ಯೆ. ಶಾಫ್ಟ್ 10 ಮಿ.ಮೀ. ಹೆಚ್ಚು ಉದ್ದ, ಬೋಲ್ಟಿನ ತೂತುಗಳು ಬೇರೆ. ಎರಡಕ್ಕೂ ಒಂದೇ ಮದ್ದು: ಹೌಸಿಂಗ್‌ಗೂ ಬಾಕ್ಸಿಗೂ ನಡುವೆ 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್. ಒಂದು ಗುಂಪು ತೂತು ಹೌಸಿಂಗ್‌ಗೆ, ಇನ್ನೊಂದು ಬಾಕ್ಸಿಗೆ. ಟರ್ನರ್ ಅದನ್ನ ಒಂದು ದಿನದಲ್ಲಿ ಮಾಡಿಕೊಟ್ಟರು.

ಇಷ್ಟಕ್ಕೆ ಮುಗೀತು ಅಂದುಕೊಂಡೆ. ಮೇಸ್ತ್ರಿ ಟರ್ನರ್‌ನಿಂದ ಡಯಲ್ ಗೇಜ್ ಇಸ್ಕೊಂಡು ಬಂದರು. ಗಡಿಯಾರದ ಹಾಗೆ ಮುಳ್ಳಿರುವ ಅಳತೆಯ ಸಾಧನ ಅದು. ಅದರ ಅಯಸ್ಕಾಂತದ ಕಾಲನ್ನ ಫ್ಲೈವೀಲಿಗೆ ಅಂಟಿಸಿ, ಮುಳ್ಳಿನ ಕಡ್ಡಿಯನ್ನ ಪ್ಲೇಟಿನ ನಡುವಿನ ದೊಡ್ಡ ತೂತಿನ ಒಳಗೋಡೆಗೆ ತಾಗಿಸಿ, ಎಂಜಿನ್ನನ್ನ ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. ಆ ತೂತೇ ಬಾಕ್ಸಿನ ಕಾಲರ್ ಬಂದು ಕೂರುವ ಜಾಗ. ಅದರ ನಡು ಎಂಜಿನ್ನಿನ ನಡುವಿಗೆ ನೇರ ಇಲ್ಲದಿದ್ದರೆ ಶಾಫ್ಟ್ ಪ್ರತಿ ಸುತ್ತಿಗೂ ಒಂಚೂರು ಬಾಗುತ್ತೆ, ಹಬ್ ಮತ್ತೆ ಕೀಳುತ್ತೆ. ಮುಳ್ಳು 0.45 ಮಿ.ಮೀ. ಓಡಾಡಿತು.

"ಕೂದಲಷ್ಟಲ್ವಾ?" ಅಂದೆ.

"0.20 ಒಳಗೆ ಬರ್ಬೇಕು. ನಿಮಿಷಕ್ಕೆ ಎರಡು ಸಾವಿರ ಸಲ ಆ ಕೂದಲು ಕೀಳ್ತದೆ" ಅಂದರು.

ಬೋಲ್ಟ್ ಸಡಿಲ ಮಾಡುವುದು, ಪ್ಲೇಟನ್ನ ಮರದ ಸುತ್ತಿಗೆಯಿಂದ ಒಂದೇಟು ತಟ್ಟುವುದು, ಬಿಗಿಯುವುದು, ತಿರುಗಿಸುವುದು. ಇಡೀ ಮಧ್ಯಾಹ್ನ ಅದೇ ಕೆಲಸ. ಅಪ್ಪ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. ಬಾಡಿಗೆಯವರ ಫೋನ್ ಬಂದಾಗಲೆಲ್ಲ "ಇನ್ನೂ ಎರಡ್ ದಿನ" ಅನ್ನುತ್ತಿದ್ದರು. ಸಂಜೆ ಮುಳ್ಳು 0.12ಕ್ಕೆ ಬಂತು. ಮೇಸ್ತ್ರಿ ಅಲ್ಲಿಗೆ ಎರಡು ಪಿನ್ ಹೊಡೆದು, ಪ್ಲೇಟ್ ಇನ್ನು ಅಲುಗಾಡದ ಹಾಗೆ ಮಾಡಿದರು.

ರಿಲೀಸ್ ಬೇರಿಂಗ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಕ್ಲಚ್ ಪೆಡಲ್ ತುಳಿದಾಗ ಮುಂದೆ ಹೋಗಿ ಪ್ರೆಷರ್ ಪ್ಲೇಟಿನ ಬೆರಳುಗಳನ್ನ ಒತ್ತುವುದು ಇದು. ನಮ್ಮ ಹಳೇ ಪ್ರೆಷರ್ ಪ್ಲೇಟಿಗೆ ಮೂರು ಬೆರಳು, ಅದಕ್ಕೆ ಮುಖ ಚಪ್ಪಟೆ ಇರುವ ಬೇರಿಂಗ್ ಬೇಕು. ಆದರೆ ಅದು ಜಾರುವ ಕೊಳವೆ ಹೊಸ ಬಾಕ್ಸಿನದು. ಹಾಗಾಗಿ ಹಳೇ ಬೇರಿಂಗ್ ಹಿಡಿದು, ಹೊಸ ಕೊಳವೆಯ ಅಳತೆಗೆ ಒಂದು ಕಾಲರ್ ಕಡೆಸಿದರು. ಎತ್ತರ ತಪ್ಪಿದರೆ ಬೇರಿಂಗ್ ಯಾವಾಗಲೂ ಬೆರಳುಗಳನ್ನ ಒತ್ತಿಕೊಂಡೇ ಇರುತ್ತೆ, ಕ್ಲಚ್ ಪೂರ್ತಿ ಹಿಡಿಯದೆ ಸುಡುತ್ತೆ. ಪೆಡಲ್ ಮೇಲೆ ಒಂದಂಗುಲದಷ್ಟು ಸಡಿಲ ಬಿಟ್ಟರು. ಕಾರು ಓಡಿಸುವವರೂ ಇದನ್ನ ಗಮನಿಸಬಹುದು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋ ಅಭ್ಯಾಸ ಕ್ಲಚ್ಚಿಗೆ ಮಾಡುವುದೂ ಇದೇ ಕೆಲಸ.

ಎಂಟನೇ ದಿನ ಗೇರ್ ಬಾಕ್ಸ್ ಏರಿಸಿದೆವು. ಕ್ಲಚ್ ಪ್ಲೇಟನ್ನ ನಡುವಿಗೆ ಹಿಡಿದಿಡಲು ಮೇಸ್ತ್ರಿ ಮರದ ಒಂದು ಡಮ್ಮಿ ಶಾಫ್ಟ್ ಕಡೆಸಿದ್ದರು. ಅದನ್ನ ತೂರಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನ ಒಂದೊಂದೇ ಸುತ್ತು ಬಿಗಿದು, ಆಮೇಲೆ ಡಮ್ಮಿ ಹೊರಗೆ. ಜಾಕ್ ಮೇಲೆ ಬಾಕ್ಸ್. ಅಪ್ಪ ಒಂದು ಕಡೆ, ಹುಡುಗ ಒಂದು ಕಡೆ. "ಗೇರ್ ಹಾಕಿ ಹಿಂದಿನ ಫ್ಲಾಂಜ್ ಒಂಚೂರು ತಿರುಗ್ಸಿ" ಅಂದರು ಮೇಸ್ತ್ರಿ. ತಿರುಗಿಸಿದೆ. ಹಲ್ಲಿಗೆ ಹಲ್ಲು ಸಿಕ್ಕಿತು. ಮೇಸ್ತ್ರಿ ಅಂಗೈಯಲ್ಲಿ ತಳ್ಳಿದರು.

ಟಕ್. ಒಂದೂ ಬೋಲ್ಟ್ ಇಲ್ಲದೆ, ಬಾಕ್ಸ್ ಹೋಗಿ ಕೂತಿತು.

ಅಪ್ಪ ನನ್ನ ಮುಖ ನೋಡಿ ನಕ್ಕರು. ಏರಿ ಮೇಲಿನ ಆ ದಿನದ ನಂತರ ಮೊದಲ ನಗು.

ಉಳಿದದ್ದು ಹಿಂದಿನ ಜಾಯಿಂಟ್ ಶಾಫ್ಟ್. ಹೊಸ ಬಾಕ್ಸೂ ಪ್ಲೇಟೂ ಸೇರಿ 55 ಮಿ.ಮೀ. ಉದ್ದ ಜಾಸ್ತಿ. ಮೊದಲಿನವರು ಶಾಫ್ಟನ್ನ ಮೊಟಕು ಮಾಡದೆ, ಜಾರುವ ಜಾಯಿಂಟನ್ನ ಪೂರ್ತಿ ಒಳಗೆ ದಬ್ಬಿ ಕಟ್ಟಿದ್ದರು. ಲಾರಿ ಹಳ್ಳಕ್ಕೆ ಇಳಿದಾಗ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುತ್ತಲ್ಲ, ಆಗ ಶಾಫ್ಟಿಗೆ ಜರುಗಲು ಜಾಗ ಬೇಕು. ಜಾಗ ಇಲ್ಲದ್ದಕ್ಕೇ ಆ ನಾಲ್ಕು ದಿನ ಹಂಪ್ ದಾಟಿದಾಗಲೆಲ್ಲ ಕೆಳಗಿಂದ ಗುದ್ದಿದ ಸದ್ದು ಬರುತ್ತಿತ್ತು. ಅದನ್ನ ಕತ್ತರಿಸಿ, ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಬರುವ ಹಾಗೆ ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಿಸಿ ತಂದೆವು.

ಕೊನೆಗೆ ಮೇಸ್ತ್ರಿ ಅಪ್ಪನನ್ನ ಕೂರಿಸಿಕೊಂಡು ಇನ್ನೊಂದು ಮಾತು ಹೇಳಿದರು. ಬಾಕ್ಸ್ ಏರಿಸುವ ಮೊದಲೇ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಕೈಯಲ್ಲಿ ತಿರುಗಿಸಿ ಎಣಿಸಿದ್ದರು. ಹಳೇ ಬಾಕ್ಸಿನಲ್ಲಿ ಮೊದಲ ಗೇರಿಗೆ ಎಂಜಿನ್ ಆರು ಸುತ್ತು ತಿರುಗಿದರೆ ಹಿಂದಿನ ಶಾಫ್ಟ್ ಒಂದು ಸುತ್ತು. ಹೊಸದರಲ್ಲಿ ಐದಕ್ಕೇ ಒಂದು. ಅಂದ್ರೆ ಮೊದಲ ಗೇರಿನ ಎಳೆತ ಆರರಲ್ಲಿ ಒಂದು ಪಾಲು ಕಡಿಮೆ. ಐದನೇ ಗೇರಿನಲ್ಲಿ ಹೈವೇ ಮೇಲೆ ಎಂಜಿನ್ ಆರಾಮಾಗಿ ಓಡುತ್ತೆ, ಆದರೆ ಏರಿನಲ್ಲಿ ಹಳೇ ಬಲ ಇಲ್ಲ.

"ಕ್ಲಚ್ ಸುಟ್ಟು ಹತ್ತಿಸ್ಬೇಡ್ರಣ್ಣ. ಮೂಟೆ ಕಮ್ಮಿ ಹಾಕ್ಕೊಳ್ಳಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಮೊದ್ಲಿನ ಎಳೆತ ಇಲ್ಲ ಬಿಡಪ್ಪ. ಇಬ್ರಿಗೂ ಸರಿಹೋಯ್ತು" ಅಂದರು.

ಮರುದಿನ ಮತ್ತೆ ಕೆರೆ ಏರಿ. ಅದೇ ಮೂಟೆ, ಹತ್ತು ಕಡಿಮೆ. ನಾನು ಇಳಿದು ನಡೆದುಕೊಂಡು ಬರ್ತೀನಿ ಅಂದುಕೊಂಡಿದ್ದೆ, ಅಪ್ಪ "ಹತ್ತು" ಅಂದರು. ಹತ್ತಿದೆ. ಕಿಟಕಿಯಲ್ಲಿ ಅದೇ ನೀರು. ಮೊದಲ ಗೇರ್, ಕ್ಲಚ್ ನಿಧಾನಕ್ಕೆ ಬಿಟ್ಟರು. ಎಂಜಿನ್ ಒಂಚೂರು ಮುಲುಗಿತು, ಹಿಡಿಯಿತು, ಹತ್ತಿತು. ಏರಿ ಮೇಲೆ ಬಂದಾಗ ಇಬ್ಬರೂ ಏನೂ ಮಾತಾಡಲಿಲ್ಲ. ಹಿಂದೆ ಕೂತಿದ್ದ ಕ್ಲೀನರ್ ಹುಡುಗ ಮಾತ್ರ ಕೈಯಲ್ಲಿ ಹಿಡಿದಿದ್ದ ಕಲ್ಲನ್ನ ಕೆರೆಗೆ ಎಸೆದ.

ಸ್ಪೀಡೋಮೀಟರ್ ಇನ್ನೂ ಸರಿಹೋಗಿಲ್ಲ. ಹೊಸ ಬಾಕ್ಸಿನ ಸ್ಪೀಡೋ ಗೇರು ಬೇರೆ ಅಳತೆಯದು. ಮೀಟರ್ 50 ತೋರಿಸುವಾಗ ನನ್ನ ಫೋನಿನ ಜಿಪಿಎಸ್ 40 ಅನ್ನುತ್ತೆ. "ಈ ವಯಸ್ಸಲ್ಲಿ ಸ್ಪೀಡ್ ಜಾಸ್ತಿ ತೋರ್ಸಿದ್ರೆ ಒಳ್ಳೇದೇ" ಅಂತ ಅಪ್ಪ ತಳ್ಳಿಹಾಕುತ್ತಿದ್ದಾರೆ. ಮುಂದಿನ ಎಫ್‌ಸಿ ಒಳಗೆ ಮಾಡಿಸಲೇಬೇಕು ಅಂತ ನಾನು ಹಿಂದೆ ಬಿದ್ದಿದ್ದೀನಿ.

ಬೆಂಗಳೂರಿಗೆ ಹೊರಡುವ ದಿನ ನಾನೊಂದು ಕೆಲಸ ಮಾಡಿದೆ. ಈಗ ಆ ಲಾರಿ ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲ. ನಾಳೆ ಮೇಸ್ತ್ರಿ ಇಲ್ಲದ ಊರಲ್ಲಿ ಕೆಟ್ಟು ನಿಂತರೆ, ಮಾಡೆಲ್ ಹೆಸರು ಹೇಳಿ ತಂದ ಕ್ಲಚ್ ಪ್ಲೇಟ್ ಹೊಂದೋದಿಲ್ಲ. ಅದಕ್ಕೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಕ್ಲಚ್ ಪ್ಲೇಟ್ 280, ಹಲ್ಲು 14. ಪೈಲಟ್ ಬೇರಿಂಗ್ 6003. ಪ್ರೆಷರ್ ಪ್ಲೇಟ್ ಹಳೇದು, ಮೂರು ಬೆರಳು. ನಡುವೆ 10 ಮಿ.ಮೀ. ಪ್ಲೇಟ್ ಇದೆ, ಪಿನ್ ಕೀಳಬೇಡಿ. ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ಕ್ಯಾಬಿನ್ನಿನಲ್ಲಿ ದೇವರ ಫೋಟೋ ಪಕ್ಕ ಅಂಟಿಸಿದೆ.

ಹೋದ ವಾರ ಊರಿಗೆ ಹೋದಾಗ ನೋಡಿದೆ. ಕೆಳಗೆ ಅಪ್ಪ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಬೋಲ್ಟ್ ಹಾಕಿ ಎಳೆಯಬೇಡಿ. ಕೈಯಲ್ಲಿ ತಳ್ಳಿ."